ಐದನೇ ಕ್ಲಾಸ್ ಮುಗಿಯುತ್ತಲೇ ಟಿಸಿ ಯಾಕೆ? ತುಮಕೂರು ಹೊರವಲಯದ ಸರ್ಕಾರಿ ಶಾಲೆಗಳ ಆರು, ಏಳನೇ ಕ್ಲಾಸಿನ ಕಥೆ

ಆರನೇ_ಕ್ಲಾಸ್_ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ತುಮಕೂರಿನ ಅಂಚಿನಲ್ಲಿದೆ. ಮೊದಲು ಹಳ್ಳಿ, ಈಗ ಪಾಲಿಕೆ ವ್ಯಾಪ್ತಿ. ಶಾಲೆ ಮಾತ್ರ ಹಳ್ಳಿ ಕಾಲದ್ದೇ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳರವರೆಗೆ. ಮಗಳು ಒಂದನೇ ಕ್ಲಾಸಿನಿಂದ ಅಲ್ಲೇ ಓದಿದ್ದಾಳೆ, ಈಗ ಐದು ಮುಗಿಯುತ್ತಾ ಬಂತು.

ಅವಳ ಕ್ಲಾಸಿನ ಅರ್ಧದಷ್ಟು ಮಕ್ಕಳ ಮನೆಯಲ್ಲಿ ಟಿಸಿ ಮಾತು ನಡೆಯುತ್ತಿದೆ. ಯಾಕೆ ಅಂತ ಕೇಳಿದರೆ ಪಾಠ ಸರಿ ಇಲ್ಲ ಅಂತ ಯಾರೂ ಹೇಳುವುದಿಲ್ಲ. "ಎಲ್ಲರೂ ಹೋಗುತ್ತಿದ್ದಾರಲ್ಲ, ನಮ್ಮ ಮಗು ಒಂದೇ ಉಳಿದರೆ?" ಅನ್ನುತ್ತಾರೆ. ನಮ್ಮ ಮನೆಯವರೂ ಈಗ ಅದೇ ರಾಗ ಹಿಡಿದಿದ್ದಾರೆ. ಬೆಳಿಗ್ಗೆ ಬೀದಿಗೆ ಬರುವ ಹಳದಿ ವ್ಯಾನುಗಳನ್ನು ನೋಡಿದರೆ ನನಗೂ ಒಮ್ಮೊಮ್ಮೆ ದಿಗಿಲಾಗುತ್ತದೆ.

ಸರ್ಕಾರಿ ಶಾಲೆ ಒಳ್ಳೆಯದು, ಕೆಟ್ಟದ್ದು ಅನ್ನುವ ವಾದ ನನಗೆ ಬೇಡ. ಆರು, ಏಳನೇ ಕ್ಲಾಸನ್ನು ಸರ್ಕಾರಿ ಶಾಲೆಯಲ್ಲೇ ಓದಿಸಿದವರು ಇಲ್ಲಿ ಇದ್ದೀರಾ? ಮಗು ಏನು ಕಲಿಯಿತು? ಏನು ತಪ್ಪಿಹೋಯಿತು? ಅದನ್ನು ಹೇಳಿ.

ಗುಬ್ಬಿ_ಗೇಟ್

ಮೇಡಂ, ನಾನು ಮಗನನ್ನು ಆರನೇ ಕ್ಲಾಸಿಗೆ ಪ್ರೈವೇಟಿಗೆ ಹಾಕಿದವನು. ಯಾಕೆ ಅಂತ ನೇರವಾಗಿ ಹೇಳುತ್ತೇನೆ. ಪಾಠದ ಮೇಲೆ ನನಗೆ ದೂರಿರಲಿಲ್ಲ. ಐದರವರೆಗೆ ಕಲಿಸಿದ ಮೇಡಂ ಬಹಳ ಒಳ್ಳೆಯವರು.

ಆದರೆ ಆ ಶಾಲೆ ಏಳಕ್ಕೆ ಮುಗಿಯುತ್ತದೆ. ಎಂಟಕ್ಕೆ ಹೇಗಿದ್ದರೂ ಬೇರೆ ಶಾಲೆ ಹುಡುಕಬೇಕು. ನಾನು ವಿಚಾರಿಸಿದ ಕಡೆ ಎಲ್ಲಾ, ಎಂಟಕ್ಕೆ ಬಂದರೆ ಸೀಟು ಕಷ್ಟ, ಆರಕ್ಕೇ ಸೇರಿಸಿಬಿಡಿ ಅಂದರು. ಇಂಗ್ಲಿಷ್ ಮೀಡಿಯಂಗೆ ಬದಲಾಗುವುದಾದರೆ ಎಸ್ಸೆಸ್ಸೆಲ್ಸಿಗೆ ಎರಡೇ ವರ್ಷ ಇರುವಾಗ ಬದಲಾಗುವುದಕ್ಕಿಂತ ಆರರಲ್ಲೇ ಆಗಲಿ ಅನ್ನಿಸಿತು. ತಂದೆಯಾಗಿ ನನ್ನ ಲೆಕ್ಕ ಇಷ್ಟೇ.

ಫಲಿತಾಂಶ ನೋಡಿದರೂ ಭಯ ಆಗುತ್ತದೆ. ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ಕ್ಕೆ 73.40. 2025ರ ಮೊದಲ ಪರೀಕ್ಷೆಯಲ್ಲಿ 62.34. ಹೀಗೆ ಇಳಿಯುತ್ತಿರುವಾಗ ಯಾವ ನಂಬಿಕೆ ಮೇಲೆ ಮಗುವನ್ನು ಬಿಡೋದು?

ನಿವೃತ್ತ_ಮೇಷ್ಟ್ರು

ಗುಬ್ಬಿ ಗೇಟ್ ಅವರೇ, ಎಂಟನೇ ಕ್ಲಾಸಿನ ಸೀಟಿನ ಬಗ್ಗೆ ನೀವು ಹೇಳಿದ್ದು ಸತ್ಯ. ನನ್ನ ಸರ್ವೀಸಿನ ಉದ್ದಕ್ಕೂ ಟಿಸಿಗೆ ಬಂದ ತಂದೆತಾಯಿ ಇದೇ ಮಾತು ಹೇಳುತ್ತಿದ್ದರು. ಶೇಕಡಾವಾರಿನ ವಿಚಾರಕ್ಕೆ ಮಾತ್ರ ಸ್ವಲ್ಪ ತಡೆಯಿರಿ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರು ಮಾಡಿದರು. ನಕಲು ನಿಂತಿತು, ಫಲಿತಾಂಶ ಕುಸಿಯಿತು. ಆ ವರ್ಷ ಗ್ರೇಸ್ ಅಂಕವನ್ನು ಶೇ. 20ಕ್ಕೆ ಏರಿಸಿದ ಮೇಲೂ 73 ಬಂದದ್ದು. ಅಂದರೆ ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಲಿಲ್ಲ. ಮೊದಲು ಮುಚ್ಚಿದ್ದು ಈಗ ಕಾಣುತ್ತಿದೆ. ಇದು ಪ್ರೈವೇಟಿಗೂ ಅನ್ವಯ. ಇನ್ನೊಂದು ವಿಷಯ. ನಮ್ಮ ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆ ಎರಡು, ತುಮಕೂರು ಮತ್ತು ಮಧುಗಿರಿ. 2020ರಲ್ಲಿ ಚಿಕ್ಕಬಳ್ಳಾಪುರ ರಾಜ್ಯಕ್ಕೆ ಮೊದಲು ಬಂದಾಗ ಮಧುಗಿರಿ ಮೂರನೇ ಸ್ಥಾನದಲ್ಲಿತ್ತು. ಪೇಪರಿನಲ್ಲಿ ಬರುವ ಸ್ಥಾನ ನೋಡಿ ನಮ್ಮ ಬೀದಿಯ ಶಾಲೆಯನ್ನು ಅಳೆಯಲು ಆಗುವುದಿಲ್ಲ.

ಆರನೇ ಕ್ಲಾಸ್ ಹೇಗಿದೆ ಅಂತ ತಿಳಿಯಬೇಕಾದರೆ ಹೆಡ್‌ಮಾಸ್ಟರ ಅನುಮತಿ ಕೇಳಿ, ಈಗ ಏಳನೇ ಕ್ಲಾಸಿನಲ್ಲಿರುವ ಮಕ್ಕಳ ಜೊತೆ ಅರ್ಧ ಗಂಟೆ ಕುಳಿತುಕೊಳ್ಳಿ ಮೇಡಂ. ಸಮಾಜ ವಿಜ್ಞಾನದ ಪುಸ್ತಕದಿಂದ ಒಂದು ಪ್ಯಾರಾ ಓದಿಸಿ. ಓದಿದ್ದನ್ನು ಪುಸ್ತಕ ಮುಚ್ಚಿ ಸ್ವಂತ ಮಾತಿನಲ್ಲಿ ಹೇಳಿಸಿ. ಆಮೇಲೆ ಬೋರ್ಡಿನ ಮೇಲೆ 7 ಭಾಗಿಸು 8 ದೊಡ್ಡದೋ, 5 ಭಾಗಿಸು 6 ದೊಡ್ಡದೋ ಅಂತ ಕೇಳಿ. ಬಹಳ ಮಕ್ಕಳು ಇಲ್ಲೇ ನಿಲ್ಲುತ್ತಾರೆ. ಒಂದು ಮಗು ಎದ್ದು ಬಂದು ಎರಡಕ್ಕೂ 24ರ ಛೇದ ತಂದು, 21 ಮತ್ತು 20 ಅಂತ ಬರೆದು ತೋರಿಸಿದರೆ ಅಲ್ಲಿ ಗಣಿತ ನಡೆಯುತ್ತಿದೆ ಅಂತ ಅರ್ಥ. ಮೇಲಿನ ಅಂಕಿ, ಕೆಳಗಿನ ಅಂಕಿ ಎರಡೂ ದೊಡ್ಡದು ಅದಕ್ಕೇ 7/8 ದೊಡ್ಡದು ಅಂದರೆ ಉತ್ತರ ಸರಿ, ಕಲಿಕೆ ಆಗಿಲ್ಲ. ಯಾಕೆ ಅಂತ ಕೇಳದೆ ಬಿಡಬೇಡಿ. ಇದೇ ಪ್ರಶ್ನೆಯನ್ನು ನೀವು ನೋಡಿರುವ ಪ್ರೈವೇಟ್ ಶಾಲೆಯ ಏಳನೇ ಕ್ಲಾಸಿಗೂ ಕೇಳಿ. ಕಟ್ಟಡ, ಟೈ, ಶೂ ಆಮೇಲೆ.

ಕೊನೆಗೊಂದು. ಶಿಕ್ಷಕರ ಹುದ್ದೆ ಮಕ್ಕಳ ಸಂಖ್ಯೆಯ ಹಿಂದೆ ಹೋಗುತ್ತದೆ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು. ಜೊತೆಗೆ ವಿಜ್ಞಾನ–ಗಣಿತ, ಸಮಾಜ, ಭಾಷೆಗೆ ಬೇರೆ ಬೇರೆ ಶಿಕ್ಷಕರು ಇರಬೇಕು. ಮಕ್ಕಳ ಹೆಸರು ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಸಂಖ್ಯೆ ಇಳಿದ ವರ್ಷ ಒಬ್ಬರು "ಹೆಚ್ಚುವರಿ" ಆಗುತ್ತಾರೆ, ವರ್ಗವಾಗುತ್ತಾರೆ. ಆಗ ಉಳಿದ ತಂದೆತಾಯಿ "ಗಣಿತಕ್ಕೆ ಮೇಷ್ಟ್ರೇ ಇಲ್ಲ" ಅಂತ ಟಿಸಿ ಕೇಳುತ್ತಾರೆ. ಮೊದಲು ಹೋದವರು ಶಾಲೆ ಕೆಟ್ಟಿದೆ ಅಂತ ಹೋಗಿರಲಿಲ್ಲ. ಅವರು ಹೋದದ್ದರಿಂದ ಕೆಟ್ಟಿತು.

ಬಿಸಿಯೂಟದ_ಅಕ್ಕ

ಮೇಷ್ಟ್ರು ಹೇಳಿದ್ದು ನಮಗೂ ಅದೇ ಸರ್. ಅಡುಗೆಯವರನ್ನು ಇಟ್ಟುಕೊಳ್ಳುವುದೂ ಮಕ್ಕಳ ಲೆಕ್ಕದ ಮೇಲೆ. 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು. ಸಂಖ್ಯೆ ಇಳಿದರೆ ನಮ್ಮಲ್ಲಿ ಒಬ್ಬರು ಮನೆಗೆ. ಆರು, ಏಳರ ಮಕ್ಕಳು ಚೆನ್ನಾಗಿ ಊಟ ಮಾಡುತ್ತಾರೆ, ಬೆಳೆಯುವ ವಯಸ್ಸು. ಅವರು ಹೋಗಿಬಿಟ್ಟರೆ ಅಡುಗೆ ಮನೆಯೇ ಭಣಭಣ ಅನ್ನುತ್ತದೆ.

ಜಿಪಿಟಿ_ವಿಜ್ಞಾನ

ನಾನು ಆರರಿಂದ ಎಂಟಕ್ಕೆ ವಿಜ್ಞಾನ, ಗಣಿತ ಹೇಳುವ ಶಿಕ್ಷಕಿ. ಊರು ಹೇಳುವುದಿಲ್ಲ, ಇದೇ ಜಿಲ್ಲೆ. ಒಳಗಿನ ಸ್ಥಿತಿ ಸ್ವಲ್ಪ ತಿಳಿಸುತ್ತೇನೆ, ಯಾಕೆಂದರೆ ಹೊರಗೆ ಇದು ಯಾರಿಗೂ ಗೊತ್ತಿಲ್ಲ.

ಹಿಂದೆ ಒಂದರಿಂದ ಏಳಕ್ಕೆ ಅಂತ ನೇಮಕ ಆದವರೇ ಎಲ್ಲಾ ಕ್ಲಾಸಿಗೂ ಹೋಗುತ್ತಿದ್ದರು. 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದ ಮೇಲೆ ಅವರನ್ನು ಒಂದರಿಂದ ಐದಕ್ಕೆ ಪಿಎಸ್‌ಟಿ, ಅಂದರೆ ಪ್ರಾಥಮಿಕ ಶಾಲಾ ಶಿಕ್ಷಕರು ಅಂತ ಮಾಡಿದರು. ಆರರಿಂದ ಎಂಟಕ್ಕೆ ಜಿಪಿಟಿ, ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕರು. ವರ್ಷಗಟ್ಟಲೆ ಏಳನೇ ಕ್ಲಾಸಿಗೆ ಪಾಠ ಮಾಡಿದ, ಡಿಗ್ರಿ ಇರುವ ಹಿರಿಯರೂ ಕಾಗದದಲ್ಲಿ ಪಿಎಸ್‌ಟಿ. ಅವರ ನೋವು ದೊಡ್ಡದು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಸಾವಿರಾರು ಜನ ಪ್ರತಿಭಟನೆಗೆ ಹೋದದ್ದು ಇದಕ್ಕೇ. ಇತ್ತ ಜಿಪಿಟಿ ಹುದ್ದೆ ತುಂಬಲು 2022ರಲ್ಲಿ 15,000 ಹುದ್ದೆಗೆ ಪರೀಕ್ಷೆ ಮಾಡಿದರು. ಅಷ್ಟೂ ತುಂಬಲಿಲ್ಲ, ಕೋರ್ಟು ಕೇಸು ಮುಗಿದು ನೇಮಕ ಆಗುವಷ್ಟರಲ್ಲಿ 2023 ಮುಗಿಯುತ್ತಾ ಬಂದಿತ್ತು. ಖಾಲಿ ಇದ್ದ ಕಡೆ ಅತಿಥಿ ಶಿಕ್ಷಕರು. ಗೌರವಧನ ತಿಂಗಳಿಗೆ 10,000 ಇತ್ತು, 2025ರ ಬಜೆಟ್‌ನಲ್ಲಿ 2,000 ಏರಿಸಿದರು. ಎಂಎಸ್ಸಿ, ಬಿಎಡ್ ಮಾಡಿದ ಹುಡುಗಿಗೆ ಇಷ್ಟು ಕೊಟ್ಟು ಏಳನೇ ಕ್ಲಾಸಿನ ಬೀಜಗಣಿತ ಹೇಳು ಅನ್ನುತ್ತೇವೆ. ಆದರೂ ಅವರು ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ.

ಇಂಗ್ಲಿಷ್ ಬಗ್ಗೆ. 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿಗೆ ಇಂಗ್ಲಿಷ್ ಮಾಧ್ಯಮ ಶುರುವಾಯಿತಲ್ಲ, ಆ ಮೊದಲ ಬ್ಯಾಚು 2024ಕ್ಕೆ ಆರನೇ ಕ್ಲಾಸಿಗೆ ಬಂತು. ಅವರ ಪುಸ್ತಕ ದ್ವಿಭಾಷೆಯದು. ಒಂದು ಪುಟದಲ್ಲಿ ಇಂಗ್ಲಿಷ್, ಎದುರು ಪುಟದಲ್ಲಿ ಅದೇ ಪಾಠ ಕನ್ನಡದಲ್ಲಿ. ಮಕ್ಕಳು ಕಣ್ಣನ್ನು ಆ ಕಡೆ ಈ ಕಡೆ ಓಡಿಸುತ್ತಾ ಓದುವುದನ್ನು ನೋಡಬೇಕು. "ಮಿಸ್, ಇವಾಪೊರೇಷನ್ ಅಂದರೆ ಇಲ್ಲಿರೋ ಆವಿಯಾಗುವಿಕೇನಾ?" ಅಂತ ಅವರೇ ಬೆರಳಿಟ್ಟು ತೋರಿಸುತ್ತಾರೆ. ಒದ್ದೆ ಬಟ್ಟೆ ಎಲ್ಲಿ ಬೇಗ ಒಣಗುತ್ತದೆ ಅಂತ ಕೇಳಿದರೆ ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಬರಿ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಉತ್ತರ ಉರು ಹೊಡೆಯುವುದಕ್ಕಿಂತ ಇದು ನೂರು ಪಾಲು ಮೇಲು ಅಂತ ನಾನು ನಂಬಿದ್ದೇನೆ.

ಕೊರತೆಯನ್ನೂ ಹೇಳಬೇಕು. ನಮ್ಮ ಸಮಯ ಆನ್‌ಲೈನ್ ಎಂಟ್ರಿ, ಸಮೀಕ್ಷೆ, ಮೊಟ್ಟೆ ಲೆಕ್ಕ, ತರಬೇತಿಗೆ ಬಹಳ ಹೋಗುತ್ತದೆ. ಅತಿಥಿ ಶಿಕ್ಷಕರ ನೇಮಕ ತಡವಾದರೆ ಜೂನ್ ತಿಂಗಳು ಹಾಗೇ ಜಾರಿಹೋಗುತ್ತದೆ. ಪ್ರಯೋಗದ ಸಾಮಾನು ಬೀರುವಿನಲ್ಲಿದೆ, ಬೀರು ಇರುವುದು ಹೆಡ್‌ಮಾಸ್ಟರ ರೂಮಿನಲ್ಲಿ. ತಂದೆತಾಯಿ ಬಂದು ಕೇಳಿದರೆ ಇದೆಲ್ಲಾ ಬೇಗ ಸರಿಯಾಗುತ್ತದೆ. ಸುಮ್ನೆ ಹೇಳುತ್ತಿಲ್ಲ. ಯಾರೂ ಕೇಳದ ಶಾಲೆಯಲ್ಲಿ ಯಾವ ಕೆಲಸಕ್ಕೂ ಅವಸರ ಇರುವುದಿಲ್ಲ.

ವಸಂತನರಸಾಪುರ_ಪಾಳಿ

ಎಲ್ಲರೂ ಸಂಖ್ಯೆ ಇಳಿಯುತ್ತಿದೆ ಅನ್ನುತ್ತಿದ್ದೀರಿ. ಇಂಡಸ್ಟ್ರಿಯಲ್ ಏರಿಯಾ ಸುತ್ತ ಬಂದು ನೋಡಿರಿ. ನಮ್ಮದು ಯಾದಗಿರಿ ಕಡೆ. ನಾನು ಇಲ್ಲಿ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸಕ್ಕೆ ಬಂದು ಹೆಂಡತಿ ಮಕ್ಕಳನ್ನು ದಸರಾ ರಜೆ ಆದಮೇಲೆ ಕರೆದುಕೊಂಡು ಬಂದೆ. ಮಗ ಆರನೇ ಕ್ಲಾಸು. ಊರಿನಿಂದ ಟಿಸಿ ಬಂದಿರಲಿಲ್ಲ. ಪ್ರೈವೇಟಿನವರು ಮುಂದಿನ ವರ್ಷ ಬನ್ನಿ ಅಂದರು. ಸರ್ಕಾರಿ ಶಾಲೆ ಹೆಡ್‌ಮಾಸ್ಟರು, ಟಿಸಿ ಆಮೇಲೆ ಬರಲಿ, ಹುಡುಗ ನಾಳೆಯಿಂದ ಬರಲಿ ಅಂದರು. ಕಾನೂನೂ ಹಾಗೇ ಇದೆಯಂತೆ.

ಅವನ ಕ್ಲಾಸಿನಲ್ಲಿ ಬಿಹಾರ, ಒಡಿಶಾ ಮಕ್ಕಳೂ ಇದ್ದಾರೆ. ಅವರೂ ಕನ್ನಡ ಕಲಿತು ಬಿಟ್ಟಿದ್ದಾರೆ, ನಮ್ಮ ಹುಡುಗನಿಗಿಂತ ತುಮಕೂರು ಕನ್ನಡ ಅವರದ್ದೇ ಚೆಂದ. ಆದರೆ ಜೂನ್‌ನಲ್ಲಿ ಎಷ್ಟು ಮಕ್ಕಳಿದ್ದರೋ ಅಷ್ಟಕ್ಕೆ ಪುಸ್ತಕ, ಬಟ್ಟೆ ಬಂದಿರುತ್ತದೆ. ನಡುವೆ ಬಂದವರು ಹಳೇ ಪುಸ್ತಕದಲ್ಲಿ ಓದಬೇಕು. ವರ್ಷದ ನಡುವೆ ಬರುವ ಮಕ್ಕಳ ಲೆಕ್ಕ ಹಿಡಿಯದೆ ಇಲ್ಲಿ ಶಿಕ್ಷಕರು ಹೆಚ್ಚು ಅನ್ನುವುದು ನ್ಯಾಯ ಅಲ್ಲ.

ಆರನೇ_ಕ್ಲಾಸ್_ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಮೇಷ್ಟ್ರೇ, ಭಿನ್ನರಾಶಿ ಪ್ರಶ್ನೆ ಬರೆದಿಟ್ಟುಕೊಂಡೆ. ಎರಡೂ ಕಡೆ ಕೇಳುತ್ತೇನೆ. ವಿಜ್ಞಾನದ ಮೇಡಂ, ನಮ್ಮ ಶಾಲೆಯಲ್ಲಿ ಇಂಗ್ಲಿಷ್ ವಿಭಾಗ ಇಲ್ಲ, ಕನ್ನಡ ಮಾಧ್ಯಮ ಮಾತ್ರ. ಈಗ ಆರಕ್ಕೆ ಮೀಡಿಯಂ ಬದಲಾಯಿಸಿದರೆ ಮುಂದೆ ಕನ್ನಡ ಮಾಧ್ಯಮದ ಕೋಟಾ ಹೋಗುತ್ತದೆ ಅಂತ ತಮ್ಮ ಹೇಳಿದ. ನಿಜನಾ?

ಎಸ್‌ಡಿಎಂಸಿ_ಸದಸ್ಯೆ

ನಿಜ ಅಕ್ಕ. ಒಂದರಿಂದ ಹತ್ತು ಪೂರ್ತಿ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಸಿಇಟಿ ಸೀಟಿಗೂ ರಾಜ್ಯ ಸರ್ಕಾರದ ಕೆಲಸಕ್ಕೂ ಶೇ. 5 ಕೋಟಾ ಇದೆ. ನಡುವೆ ಬದಲಾಯಿಸಿದರೆ ಮತ್ತೆ ಸಿಗುವುದಿಲ್ಲ. ಹತ್ತು ವರ್ಷದ್ದನ್ನು ಐದಕ್ಕೇ ಬಿಟ್ಟುಕೊಡುವ ಮೊದಲು ಯೋಚನೆ ಮಾಡಿ. ಇನ್ನೊಂದು, ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ. ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ ಮಾತ್ರ. ಮನೆಯ ಆದಾಯ ಮೂರೂವರೆ ಲಕ್ಷದ ಒಳಗಿರಬೇಕು. ನಮ್ಮ ಕಡೆ ಎಷ್ಟೋ ಜನಕ್ಕೆ ಈ ಪರೀಕ್ಷೆಯ ಹೆಸರೇ ಗೊತ್ತಿಲ್ಲ!

ಈಗ ನನ್ನ ಮನಸ್ಸಿನಲ್ಲಿ ಇರುವುದು. ಆರನೇ ಕ್ಲಾಸಿಗೆ ಮಕ್ಕಳು ಪ್ರೈವೇಟಿಗೆ ಹೋಗುತ್ತಾರೆ ಅಂತ ಎಲ್ಲರೂ ಅನ್ನುತ್ತಾರೆ. ಅರ್ಧ ನಿಜ. ಇನ್ನರ್ಧ ಸರ್ಕಾರದ ಶಾಲೆಗಳಿಗೇ ಹೋಗುತ್ತಾರೆ. ನವೋದಯ ಆರರಿಂದ. ಮೊರಾರ್ಜಿ ವಸತಿ ಶಾಲೆ ಆರರಿಂದ. ಆದರ್ಶ ವಿದ್ಯಾಲಯ ಆರರಿಂದ, ಶಾಲೆಗೆ 80 ಸೀಟು. ಎಲ್ಲದಕ್ಕೂ ಪ್ರವೇಶ ಪರೀಕ್ಷೆ. ನಮ್ಮ ಮೇಡಂಗಳೇ ಸಂಜೆ ಕೂರಿಸಿಕೊಂಡು ಆ ಪರೀಕ್ಷೆಗೆ ತಯಾರು ಮಾಡುತ್ತಾರೆ. ಮಗು ಆಯ್ಕೆಯಾದರೆ ಪ್ರಾರ್ಥನೆಯಲ್ಲಿ ಚಪ್ಪಾಳೆ ಹೊಡೆಸುತ್ತಾರೆ. ನಾನೂ ಹೊಡೆದಿದ್ದೇನೆ. ಆ ಮಗು ಮುಂದೆ ಬರಲಿ. ಆದರೆ ಮಾರನೇ ವರ್ಷ ಆರನೇ ಕ್ಲಾಸಿನಲ್ಲಿ ಮುಂದೆ ನಿಂತು ಓದುವ ಮಕ್ಕಳೇ ಇರುವುದಿಲ್ಲ. ಆಮೇಲೆ ಅಧಿಕಾರಿಗಳು ಬಂದು ಕಲಿಕಾ ಮಟ್ಟ ಕಡಿಮೆ ಯಾಕೆ ಅಂತ ಮೇಡಂಗಳನ್ನು ಕೇಳುತ್ತಾರೆ. ಕೆನೆ ತೆಗೆದು ಹಾಲು ನೀರಾಗಿದೆ ಅಂದ ಹಾಗೆ. ಮಕ್ಕಳ ಕಲಿಕೆಯನ್ನು ಅಳೆಯುವಾಗ ಯಾರು ಬಿಟ್ಟುಹೋದರು, ಎಲ್ಲಿಗೆ ಹೋದರು ಅನ್ನುವುದನ್ನೂ ಬರೆದುಕೊಳ್ಳಬೇಕು.

ಇನ್ನು ನಮ್ಮ ಶಾಲೆ ಏಳಕ್ಕೆ ನಿಲ್ಲುವ ವಿಷಯ. ಆರ್‌ಟಿಇ ಕಾನೂನಿನಲ್ಲಿ ಪ್ರಾಥಮಿಕ ಅಂದರೆ ಒಂದರಿಂದ ಎಂಟು. ನಮ್ಮ ರಾಜ್ಯದಲ್ಲಿ ಎಂಟು ಬಹಳ ಕಡೆ ಹೈಸ್ಕೂಲಿಗೆ ಸೇರಿದೆ. ಕೆಲವು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಾತ್ರ ಎಂಟು ಇದೆ. ಗುಬ್ಬಿ ಗೇಟ್ ಅಣ್ಣ ಹೇಳಿದ ಭಯಕ್ಕೆ ಔಷಧಿ ಇಲ್ಲೇ ಇದೆ ಅನ್ನಿಸುತ್ತದೆ. ಎಂಟು ಇಲ್ಲೇ ಇದ್ದರೆ, ಒಂಬತ್ತಕ್ಕೆ ಯಾವ ಹೈಸ್ಕೂಲು ಅನ್ನುವುದು ಮೊದಲೇ ಗೊತ್ತಿದ್ದರೆ, ಆರಕ್ಕೇ ಓಡುವ ಅವಸರ ಇರುವುದಿಲ್ಲ.

ಗುಬ್ಬಿ_ಗೇಟ್

ಮೇಡಂ, ನೀವು ಹೇಳಿದ ಎನ್‌ಎಂಎಂಎಸ್ ವಿಷಯ ನನಗೂ ಗೊತ್ತಿರಲಿಲ್ಲ. ಕೆನೆ ಮಾತೂ ಒಪ್ಪುತ್ತೇನೆ. ಆದರೆ ಎಂಟನೇ ಕ್ಲಾಸ್ ಕೊಟ್ಟರೆ ಸಾಕಾ? ಮೊದಲು ಇರುವ ಏಳು ಕ್ಲಾಸಿಗೆ ಶಿಕ್ಷಕರು ಇರಲಿ.

ಕೆಪಿಎಸ್, ಅಂದರೆ ಕರ್ನಾಟಕ ಪಬ್ಲಿಕ್ ಸ್ಕೂಲ್ ಬಗ್ಗೆ ಏನು ಹೇಳುತ್ತೀರಿ? 2018ರಿಂದ ನಡೆಯುತ್ತಿದೆ. ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಕಾಂಪೌಂಡು. ಅಲ್ಲಿ ಸೀಟಿಗೆ ತಂದೆತಾಯಿ ಸಾಲು ನಿಲ್ಲುತ್ತಾರೆ. ಅಂದರೆ ಜನಕ್ಕೆ ಸರ್ಕಾರಿ ಶಾಲೆ ಬೇಡ ಅಂತಲ್ಲ, ಅರ್ಧಕ್ಕೆ ನಿಲ್ಲುವ ಶಾಲೆ ಬೇಡ. ಈಗ 2025ರ ಬಜೆಟ್‌ನಲ್ಲಿ ಇನ್ನೂ 500 ಕೆಪಿಎಸ್ ಹೇಳಿದ್ದಾರಲ್ಲ, ನಮ್ಮ ಕಡೆಗೂ ಒಂದು ಕೇಳುವುದು ಒಳ್ಳೆಯದಲ್ವಾ?

ನಿವೃತ್ತ_ಮೇಷ್ಟ್ರು

"ಅರ್ಧಕ್ಕೆ ನಿಲ್ಲುವ ಶಾಲೆ ಬೇಡ." ಈ ಮಾತನ್ನು ಅಧಿಕಾರಿಗಳಿಗೆ ಹಾಗೇ ಬರೆದು ಕೊಡಬೇಕು. ಕೆಪಿಎಸ್‌ಗಳು ಜನರ ನಂಬಿಕೆ ಗಳಿಸಿದ್ದು ಇದರಿಂದಲೇ.

ಆದರೆ ಕೇಳುವಾಗ ಒಂದು ಎಚ್ಚರ ಇರಲಿ. ದೊಡ್ಡ ಶಾಲೆ ಒಂದು ಮಾಡಿ, ಸುತ್ತಲಿನ ಸಣ್ಣ ಶಾಲೆಗಳನ್ನು ಅದಕ್ಕೆ ಸೇರಿಸುವ ಮಾತು ಬಂದರೆ ನಾನು ವಿರೋಧಿಸುತ್ತೇನೆ. ಒಂದರಿಂದ ಐದು ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟು ಮೂರು ಕಿಲೋಮೀಟರ್ ಒಳಗೆ ಇರಬೇಕು ಅನ್ನುವ ನಿಯಮ ಸುಮ್ನೆ ಮಾಡಿದ್ದಲ್ಲ. ಕ್ಯಾತ್ಸಂದ್ರ ಕಡೆ, ಶಿರಾ ಗೇಟ್ ಕಡೆ ಹೆದ್ದಾರಿಯ ಆಚೆ ಈಚೆ ಎಷ್ಟು ಬಡಾವಣೆ ಬೆಳೆದಿವೆ ನೋಡಿ. ಹನ್ನೊಂದು ವರ್ಷದ ಹೆಣ್ಣುಮಗು ಸರ್ವಿಸ್ ರಸ್ತೆ ದಾಟಿ, ಅಂಡರ್‌ಪಾಸಿನಲ್ಲಿ ನುಗ್ಗಿ ಹೋಗಬೇಕಾದರೆ ಕೂಲಿಗೆ ಹೋಗುವ ತಾಯಿ ಏನು ಮಾಡುತ್ತಾಳೆ? ವ್ಯಾನ್ ಇರುವ ಪ್ರೈವೇಟಿಗೆ ಸಾಲ ಮಾಡಿ ಹಾಕುತ್ತಾಳೆ, ಇಲ್ಲವೇ ಶಾಲೆ ಬಿಡಿಸುತ್ತಾಳೆ. ಎಂಟನೇ ಕ್ಲಾಸಿನ ಮಕ್ಕಳಿಗೆ 2006–07ರಿಂದ ಸೈಕಲ್ ಕೊಡುತ್ತಿದ್ದರು. ಹೆಣ್ಣುಮಕ್ಕಳು ಹೈಸ್ಕೂಲ್ ಮುಟ್ಟಲು ಅದು ಎಷ್ಟು ನೆರವಾಯಿತು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಕೊರೋನಾ ಹೊತ್ತಿಗೆ ಅದೂ ನಿಂತಿತು. ಬೀದಿಯ ಶಾಲೆ ಇರಲಿ, ಅದಕ್ಕೆ ಎಂಟು ಸೇರಲಿ, ಹೈಸ್ಕೂಲಿಗೆ ಸರ್ಕಾರವೇ ಬಸ್ ಬಿಡಲಿ. ನನ್ನ ಬೇಡಿಕೆ ಇದು.

ವಸಂತನರಸಾಪುರ_ಪಾಳಿ

ಬಸ್ಸಿನ ಮಾತಿಗೆ ನನ್ನದೂ ಒಂದು ಸಹಿ. ಫ್ಯಾಕ್ಟರಿ ಬಸ್ಸು ಮೂರು ಪಾಳಿಗೂ ನಮ್ಮ ಮನೆ ಮುಂದೆ ಬರುತ್ತದೆ. ಶಾಲೆ ಮಕ್ಕಳಿಗೆ ಒಂದೂ ಇಲ್ಲ.

ಜಿಪಿಟಿ_ವಿಜ್ಞಾನ

ಎಂಟು ಸೇರಿದರೆ ಇನ್ನೊಂದು ಲಾಭ ಇದೆ. ನಮ್ಮ ಹುದ್ದೆ ಇರುವುದೇ ಆರರಿಂದ ಎಂಟಕ್ಕೆ. ಏಳಕ್ಕೆ ನಿಲ್ಲುವ ಶಾಲೆಯಲ್ಲಿ ಮಕ್ಕಳು ಎರಡೇ ಕ್ಲಾಸಿನವರು, ಹಾಗಾಗಿ ಸಂಖ್ಯೆ ಯಾವಾಗಲೂ ಕಡಿಮೆ. ಎಂಟೂ ಸೇರಿ ಮೂರು ಕ್ಲಾಸ್ ಆದರೆ ವಿಜ್ಞಾನದವರು, ಸಮಾಜದವರು ಉಳಿಯುವುದು ಸುಲಭ. ಎನ್‌ಎಂಎಂಎಸ್‌ಗೆ ಏಳರಿಂದಲೇ ತಯಾರಿ ಮಾಡಿಸಿ ಎಂಟರಲ್ಲಿ ನಾವೇ ಪರೀಕ್ಷೆಗೆ ಕಳಿಸಬಹುದು. ಈಗ ತಯಾರು ಮಾಡುವವರು ಒಬ್ಬರು, ಪರೀಕ್ಷೆಗೆ ಕಳಿಸುವವರು ಇನ್ನೊಬ್ಬರು. ಎಷ್ಟೋ ಜಾಣ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ.

ಆರನೇ_ಕ್ಲಾಸ್_ಅಮ್ಮ

ಇವತ್ತು ಏಳನೇ ಕ್ಲಾಸಿನಲ್ಲಿ ಕುಳಿತು ಬಂದೆ. ಓದು ಚೆನ್ನಾಗಿದೆ, ಹೇಳಿಸಿದರೆ ಸ್ವಂತ ಮಾತಿನಲ್ಲಿ ಹೇಳುತ್ತಾರೆ. ಭಿನ್ನರಾಶಿಯಲ್ಲಿ ಇಬ್ಬರು ಹುಡುಗಿಯರು ಬೋರ್ಡಿಗೆ ಬಂದು ಮಾಡಿ ತೋರಿಸಿದರು. ಉಳಿದವರಿಗೆ ಬರಲಿಲ್ಲ. ಗಣಿತಕ್ಕೆ ಈ ವರ್ಷ ಅತಿಥಿ ಶಿಕ್ಷಕರು ತಡವಾಗಿ ಬಂದರಂತೆ. ನಮ್ಮ ಮನೆಯವರು ನೋಡಿಟ್ಟಿರುವ ಪ್ರೈವೇಟ್ ಶಾಲೆಯಲ್ಲಿ ಕ್ಲಾಸಿಗೆ ಬಿಡಲಿಲ್ಲ, ಫೀಸಿನ ಚೀಟಿ ಕೊಟ್ಟು ಕಳಿಸಿದರು. ಪಕ್ಕದ ಮನೆ ಹುಡುಗ ಅದೇ ಶಾಲೆಯ ಏಳನೇ ಕ್ಲಾಸು. ಅವನನ್ನು ಕೇಳಿದೆ. ಅವನಿಗೂ ಬರಲಿಲ್ಲ.

ಮನೆಯಲ್ಲಿ ಇನ್ನೂ ಮಾತು ಮುಗಿದಿಲ್ಲ. ಆದರೆ ಮಗಳ ಕ್ಲಾಸಿನ ಕೆಲವು ತಾಯಂದಿರ ಹತ್ತಿರ ಮಾತಾಡಿದೆ. ಎಲ್ಲರೂ ಉಳಿಸುವುದಾದರೆ ನಾವೂ ಉಳಿಸುತ್ತೇವೆ ಅನ್ನುತ್ತಿದ್ದಾರೆ. ಟಿಸಿ ಕೇಳುವ ಮೊದಲು ಒಟ್ಟಿಗೆ ಹೋಗಿ ಗಣಿತದ ಶಿಕ್ಷಕರ ಬಗ್ಗೆ, ಎಂಟನೇ ಕ್ಲಾಸಿನ ಬಗ್ಗೆ ಕೇಳೋಣ ಅಂತ ಆಗಿದೆ. ಅರ್ಜಿ ಯಾರಿಗೆ ಬರೆಯಬೇಕು?

ಎಸ್‌ಡಿಎಂಸಿ_ಸದಸ್ಯೆ

ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಅವರಿಗೆ ಬರೆಯಿರಿ ಅಕ್ಕ, ಹೆಡ್‌ಮಾಸ್ಟರ ಮೂಲಕ. ಜಿಲ್ಲೆಯ ಉಪನಿರ್ದೇಶಕರು, ಡಿಡಿಪಿಐ ಅವರಿಗೆ ಒಂದು ಪ್ರತಿ. ಮೊದಲು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಠರಾವು ಮಾಡಿಸಿ, ಅದರ ನಕಲು ಅರ್ಜಿಗೆ ಲಗತ್ತಿಸಿ. ಬರಿ ತಂದೆತಾಯಿ ಸಹಿ ಇದ್ದರೆ ಫೈಲಿನಲ್ಲಿ ಮಲಗುತ್ತದೆ, ಠರಾವು ಇದ್ದರೆ ಉತ್ತರ ಕೊಡಬೇಕಾಗುತ್ತದೆ.

ಅರ್ಜಿಯಲ್ಲಿ ಒಂದರಿಂದ ಏಳರವರೆಗೆ ಕ್ಲಾಸುವಾರು ಮಕ್ಕಳ ಸಂಖ್ಯೆ ಹಾಕಿ. ಕಳೆದ ಮೂರು ವರ್ಷ ಐದು ಮುಗಿಸಿದವರು ಎಲ್ಲೆಲ್ಲಿಗೆ ಹೋದರು ಅಂತ ಬರೆಯಿರಿ. ಟಿಸಿ ಪುಸ್ತಕದಲ್ಲಿ ಸಿಗುತ್ತದೆ. ಹತ್ತಿರದ ಸರ್ಕಾರಿ ಹೈಸ್ಕೂಲು ಎಷ್ಟು ಕಿಲೋಮೀಟರ್, ದಾರಿಯಲ್ಲಿ ಹೆದ್ದಾರಿ ಇದೆಯಾ ಅಂತ ಸೇರಿಸಿ. ಖಾಲಿ ಇರುವ ಕೊಠಡಿ ಇದ್ದರೆ ಅದರ ಫೋಟೋ ಹಾಕಿ, ಜಾಗ ಇಲ್ಲ ಅನ್ನಲು ಆಗಬಾರದು. ಗಣಿತ ಶಿಕ್ಷಕರ ಬೇಡಿಕೆಯನ್ನು ಬೇರೆ ಅರ್ಜಿಯಲ್ಲಿ ಬರೆಯಿರಿ, ಎರಡನ್ನೂ ಬೆರೆಸಿದರೆ ಎರಡೂ ಆಗುವುದಿಲ್ಲ. ದಾಖಲಾತಿ ಆಂದೋಲನ ಶುರುವಾಗುವ ಮೊದಲೇ ಕೊಡಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದಕ್ಕೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.